ಎರಡು ಚಮಚ ಕುಂಬಳಕಾಯಿ

ಇಡೀ ಕುಂಬಳಕಾಯಿಗೆ ಮೊದಲ ಏಟು ಯಾರು ಹಾಕಬೇಕು ಎಂಬುದು ಹಗುರವಾಗಿ ತೆಗೆದುಕೊಳ್ಳುವ ವಿಷಯವಲ್ಲ. ಸಂಸಾರಸ್ಥ ಹೆಂಗಸರು ಹಾಕಬಾರದು ಎಂಬುದರಲ್ಲಿ ಬಿಜಾಪುರ, ಮೈಸೂರು, ವರಂಗಲ್ ಮೂರೂ ಕಡೆ ಒಮ್ಮತವಿದೆ. ನದಿ ನೀರಿನ ಮಾತು ಬಂದರೆ ಮುಖ ತಿರುಗಿಸುವ ರಾಜ್ಯಗಳು ಕುಂಬಳಕಾಯಿಯ ಮುಂದೆ ಒಂದಾಗಿ ಕೈಮುಗಿದು ನಿಂತಿವೆ. ಗಂಡಸೊಬ್ಬ ಬರಬೇಕು, ಒಂದು ಏಟು ಹಾಕಿ ಎರಡು ಹೋಳು ಮಾಡಬೇಕು, ಹೋಗಬೇಕು. ಆಮೇಲೆ ಹೆಂಗಸರು ಅದನ್ನು ಇನ್ನೂರು ಹೋಳು ಮಾಡಿದರೂ ಕೇಳುವವರಿಲ್ಲ. ಯಾಕೆ ಎಂದು ಕೇಳಿದರೆ ಅಜ್ಜಿಯ ಹೆಸರು ಹೇಳುತ್ತಾರೆ. ಅಜ್ಜಿ ತೀರಿಕೊಂಡಿರುವುದರಿಂದ ವಿಚಾರಣೆ ಅಲ್ಲಿಗೆ ನಿಲ್ಲುತ್ತದೆ.

ಈ ನಿಯಮ ಮಾಡಿದವರು ತೆಲುಗರ ರಾಜಧಾನಿಯ ಅಂಚಿನ ಕೊಂಡಾಪುರವನ್ನು ಕಂಡವರಲ್ಲ. ಸಾಫ್ಟ್‌ವೇರ್ ಸುಗ್ಗಿಯ ಆ ವರ್ಷಗಳಲ್ಲಿ ಬೆಳಿಗ್ಗೆ ಒಂಬತ್ತರ ಮೇಲೆ ಅಲ್ಲಿ ಗಂಡಸರೇ ಸಿಗುತ್ತಿರಲಿಲ್ಲ. ಎಲ್ಲರೂ ಕೊರಳಿಗೆ ಗುರುತಿನ ಬಿಲ್ಲೆ ತೂಗುಹಾಕಿಕೊಂಡು ಮಾದಾಪುರದ ಗಾಜಿನ ಕಟ್ಟಡಗಳೊಳಗೆ ಹೋಗಿಬಿಡುತ್ತಿದ್ದರು. ಕೊರಳಲ್ಲಿ ಬಿಲ್ಲೆ ಇದ್ದವರು ಒಳಗೆ, ಇಲ್ಲದವರು ಹೊರಗೆ. ಮಾದಾಪುರದ ವೇದಾಂತ ಇಷ್ಟೇ.

ಸಿರಿಸಂಪದ ಎಂಬ ನಾಲ್ಕು ಮಹಡಿಯ ಕಟ್ಟಡದಲ್ಲೂ ಇದೇ ಪರಿಸ್ಥಿತಿ. ವಾಚ್‌ಮನ್ ಕೂಡ ಹೆಸರಿಗೆ ಮಾತ್ರ ಗಂಡಸು. ಅವನು ಹಗಲೆಲ್ಲ ಬಾಡಿಗೆ ಆಟೋ ಓಡಿಸುತ್ತಿದ್ದ, ಗೇಟು ಕಾಯುತ್ತಿದ್ದವಳು ಹೆಂಡತಿ ಬಂಡೆಮ್ಮ. ಸುರಪುರದ ಕಡೆಯಿಂದ ಗಾರೆ ಕೆಲಸಕ್ಕೆ ಬಂದು, ಈ ಕಟ್ಟಡಕ್ಕೇ ಇಟ್ಟಿಗೆ ಹೊತ್ತು, ಅದು ಎದ್ದು ನಿಂತ ಮೇಲೆ ಅದರ ಗೇಟಿನಲ್ಲೇ ಉಳಿದುಕೊಂಡವಳು.

ಹೀಗಾಗಿ ಹಗಲು ಹೊತ್ತು ಆ ಕಟ್ಟಡದಲ್ಲಿ ಉಳಿಯುತ್ತಿದ್ದ ಏಕೈಕ ಗಂಡಸು ಎರಡನೆಯ ಮಹಡಿಯ ಮಾಣಿಕಪ್ಪ. ಅವನೂ ಎಚ್ಚರವಾಗಿ ಇರುತ್ತಿರಲಿಲ್ಲ.

ಮಾಣಿಕಪ್ಪ ಲಿಂಗಸುಗೂರಿನವನು. ಮಾದಾಪುರದ ಒಂದು ಕಂಪನಿಯಲ್ಲಿ ರಾತ್ರಿ ಪಾಳಿ. ಯಾವ ನೌಕರನನ್ನು ಎಷ್ಟು ಗಂಟೆಗೆ ಯಾವ ಮನೆಯಿಂದ ಯಾವ ಕ್ಯಾಬು ಕರೆತರಬೇಕು ಎಂಬ ಪಟ್ಟಿ ತಯಾರಿಸುವುದು ಅವನ ಕೆಲಸ. ಬೆಳಿಗ್ಗೆ ಏಳಕ್ಕೆ ಮನೆಗೆ ಬಂದು, ಹೆಂಡತಿ ರೇಣುಕಾ ಕೊಟ್ಟಿದ್ದನ್ನು ತಿಂದು, ಎಂಟಕ್ಕೆ ಮಲಗಿದರೆ ಸಂಜೆ ನಾಲ್ಕಕ್ಕೆ ಏಳಬೇಕು. ಈ ಎಂಟು ಗಂಟೆಗಳ ಮೇಲೆ ಅವನ ಸಂಸಾರ ನಿಂತಿತ್ತು. ಯಾಕೆಂದರೆ ಹಿಂದಿನ ವಾರ ಕಣ್ಣು ಎಳೆಯುತ್ತಿದ್ದ ಹೊತ್ತಿನಲ್ಲಿ ಅವನು ಮಿಯಾಪುರಕ್ಕೆ ಹೋಗಬೇಕಾದ ಸುಮೋವನ್ನು ಮೆಹದಿಪಟ್ನಕ್ಕೆ ಕಳಿಸಿದ್ದ. ಮ್ಯಾನೇಜರು ಕೂಗಾಡಲಿಲ್ಲ. ಭುಜದ ಮೇಲೆ ಕೈಯಿಟ್ಟು, "ಮಾಣಿಕ್ ಭಾಯಿ, ಇನ್ನೊಂದು ತಪ್ಪಾದರೆ ಈ ಕುರ್ಚಿ ನಿಮ್ಮದಲ್ಲ," ಎಂದಿದ್ದರು. ಕೂಗಾಡಿದ್ದರೆ ಅವನಿಗೆ ಇಷ್ಟು ಭಯವಾಗುತ್ತಿರಲಿಲ್ಲ.

ಅವನ ನಿದ್ದೆ ಒಳ್ಳೆಯ ನಿದ್ದೆ. ಕಿಟಕಿಯ ಪರದೆಯ ಮೇಲಿನ ಕೆಂಪು ಹೂಗಳೊಳಗಿಂದ ಬಿಸಿಲು ಸೋಸಿ ಬರುತ್ತಿದ್ದುದರಿಂದ ಅವನ ಕನಸುಗಳಿಗೆಲ್ಲ ದಾಳಿಂಬೆ ನೀರಿನ ಬಣ್ಣ. ಅಗಲವಾದ ಕೃಷ್ಣೆಯ ಮೇಲೆ ಸುಮೋಗಳು ಬಾತುಕೋಳಿಗಳ ಹಾಗೆ ಸಾಲಾಗಿ ತೇಲುತ್ತಿದ್ದವು. ಅವನು ದಡದಲ್ಲಿ ಕಾಲು ಇಳಿಬಿಟ್ಟು ಕುಳಿತು ಒಂದೊಂದನ್ನೇ ಹೆಸರು ಹಿಡಿದು ಕರೆಯುತ್ತಿದ್ದ. ಅವು ಕತ್ತು ತಿರುಗಿಸಿ ತಮ್ಮ ತಮ್ಮ ದಾರಿ ಹಿಡಿಯುತ್ತಿದ್ದವು. ಒಂದೂ ಮೆಹದಿಪಟ್ನಕ್ಕೆ ಹೋಗುತ್ತಿರಲಿಲ್ಲ.

ಅಂಥ ಒಂದು ಕನಸಿನ ನಡುವೆ, ಬೆಳಿಗ್ಗೆ ಹತ್ತೂವರೆಗೆ, ರೇಣುಕಾ ಅವನ ಕಾಲಿನ ಹೆಬ್ಬೆರಳು ಹಿಡಿದು ಅಲ್ಲಾಡಿಸಿದಳು.

"ರೀ, ಏಳ್ರಿ. ಮ್ಯಾಲಿನ ಮನಿ ಗುರುಬಾಯಿ ಅಕ್ಕಾರು ಕರಿಯಾಕತ್ತಾರ."

"ಯಾಕ?"

"ಕುಂಬಳಕಾಯಿ ಒಡಿಯಾಕ."

"ಯಾರ ತಲಿ ಮ್ಯಾಲ?"

"ಈಳಗಿ ಮ್ಯಾಲ. ಎರಡು ನಿಮಿಷದ ಕೆಲಸ. ಬಿಲ್ಡಿಂಗಿನ್ಯಾಗ ಗಂಡಸು ಅಂತ ಇರೋರು ನೀವೊಬ್ಬರs."

"ಎದುರಿಗೆ ಮನಿ ಕಟ್ಟಾಕತ್ತಾರಲ್ಲ, ಅಲ್ಲಿ ನಲವತ್ತು ಮಂದಿ ಗಂಡಸರದಾರ."

"ಹೊರಗಿನವರು ಬ್ಯಾಡಂತ. ನಮ್ಮ ಬಿಲ್ಡಿಂಗಿನ ಗಂಡಸs ಆಗಬೇಕಂತ. ಏಳ್ರಿ, ಮರ್ಯಾದಿ ಪ್ರಶ್ನೆ."

ಅವನ ಗಂಡಸುತನಕ್ಕೆ ಸಾರ್ವಜನಿಕ ಮನ್ನಣೆ ದೊರೆತದ್ದು ಇದೇ ಮೊದಲು. ಲುಂಗಿ ಬಿಗಿದುಕೊಂಡು ಮೆಟ್ಟಿಲು ಹತ್ತಿದ. ಕೃಷ್ಣೆಯೂ ಬಾತುಕೋಳಿಗಳೂ ಅವನ ಹಿಂದೆಯೇ ಹತ್ತಿಬಂದವು.

ಗುರುಬಾಯಿ ಕಟ್ಟಡದ ಕಮಿಟಿಯ ಅಧ್ಯಕ್ಷೆ. 'ಈ ಕಟ್ಟಡದಲ್ಲಿ ನಾಯಿ ಸಾಕತಕ್ಕದ್ದಲ್ಲ' ಎಂದು ಗೇಟಿನ ಫಲಕದ ಮೇಲೆ ಮೂರು ಭಾಷೆಯಲ್ಲಿ ಬರೆಸಿ, ಕೆಳಗೆ ಸಹಿ ಮಾಡಿದವಳು ಅವಳೇ. ಅವಳ ಅಡುಗೆಮನೆಯಲ್ಲಿ, ಗ್ಯಾಸ್ ಸಿಲಿಂಡರಿನ ಪಕ್ಕ, ಒಂದು ಕಿವಿ ಮಡಚಿದ ಕಂದು ಬಣ್ಣದ ನಾಯಿಯೊಂದು ಮಲಗಿತ್ತು.

"ಮಾಣಿಕಪ್ಪನವರ, ಇದು ನಾಯಿ ಅಲ್ರಿ," ಎಂದಳು ಗುರುಬಾಯಿ.

"ಹೌದ್ರಿ," ಎಂದ ಮಾಣಿಕಪ್ಪ.

"ಅಂದ್ರ, ನಾಯಿನs. ಸುಲ್ತಾನ್ ಅಂತ ಹೆಸರು. ಆದ್ರ ಕಮಿಟಿ ಲೆಕ್ಕದಾಗ ನಾಯಿ ಅಲ್ಲ. ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ. ನನ್ನ ಆಣಿ."

ಮಾಣಿಕಪ್ಪ ಸಲೀಸಾಗಿ ಒಪ್ಪಿದ. ಒಂದು ಕಿವಿ ಮಡಚಿದ ನಾಯಿ ಅಡುಗೆಮನೆಯಲ್ಲಿ ಮಲಗಿ ತನ್ನನ್ನು ಅರೆಗಣ್ಣಿನಿಂದ ನೋಡುತ್ತಿದೆ ಎಂದರೆ ಅದು ಕನಸಿನದೇ ಇರಬೇಕು ಎಂದು ಅವನು ಆಗಲೇ ತೀರ್ಮಾನಿಸಿದ್ದ. ಕನಸಿನ ನಾಯಿಯ ಬಗ್ಗೆ ಯಾರ ಮುಂದೆ ಬಾಯಿ ಬಿಡುವುದು?

ಭಾನುವಾರ ಯಾರದೋ ಮನೆಯ ಬಿರಿಯಾನಿ ಎಲುಬು ತಿಂದು ಸುಲ್ತಾನನ ಹೊಟ್ಟೆ ಕೆಟ್ಟಿತ್ತು. ಗುರುಬಾಯಿ ಅದಕ್ಕೆ ಶಾಲು ಹೊದಿಸಿ, ಕೂಸಿನ ಹಾಗೆ ಎತ್ತಿಕೊಂಡು, ಆಟೋದಲ್ಲಿ ದನದ ಡಾಕ್ಟರ ಹತ್ತಿರ ಹೋಗಿ ಬಂದಿದ್ದಳು. ಡಾಕ್ಟರು ಇಂಗ್ಲಿಷಿನಲ್ಲಿ ಒಂದು ಚೀಟಿ ಬರೆದುಕೊಟ್ಟಿದ್ದರು. ಮಾಣಿಕಪ್ಪ ಕುಂಬಳಕಾಯಿಗೆ ಒಂದು ಏಟು ಹಾಕಿ, ಗೋಡೆಗೆ ಒರಗಿ, ಚೀಟಿಯನ್ನು ಓದಿ ಕನ್ನಡದಲ್ಲಿ ಹೇಳಿದ. ಬೀಜ ತೆಗೆಯಬೇಕು, ಸಿಪ್ಪೆ ತೆಗೆಯಬೇಕು. ಬರೀ ನೀರಿನಲ್ಲಿ ಮೆತ್ತಗೆ ಬೇಯಿಸಬೇಕು. ಉಪ್ಪು, ಖಾರ, ಎಣ್ಣೆ, ಬೆಲ್ಲ, ಈರುಳ್ಳಿ, ಬೆಳ್ಳುಳ್ಳಿ ಯಾವುದೂ ಕೂಡದು. ಆರಿದ ಮೇಲೆ ಅನ್ನದಲ್ಲಿ ಕಲಸಿ ಈ ಗಾತ್ರದ ನಾಯಿಗೆ ದಿನಕ್ಕೆ ಎರಡು ಚಮಚ. ಹೆಚ್ಚಾದರೆ ಹೊಟ್ಟೆ ಇನ್ನಷ್ಟು ಕೆಡುತ್ತದೆ. ವಾಂತಿಯಾದರೆ, ರಕ್ತ ಕಂಡರೆ, ಎರಡು ದಿನದಲ್ಲಿ ಕಡಿಮೆಯಾಗದಿದ್ದರೆ ಮನೆಮದ್ದು ಬಿಟ್ಟು ಕರೆತರಬೇಕು.

"ಒಗ್ಗರಣಿನೂ ಬ್ಯಾಡೇನ್ರಿ?" ಗುರುಬಾಯಿ ನೊಂದು ಕೇಳಿದಳು.

"ಬ್ಯಾಡ್ರಿ."

"ಪಾಪ, ಹೆಂಗ ತಿಂತೈತಿ?"

ಮಾಣಿಕಪ್ಪ ನಿಂತಲ್ಲೇ ನಿದ್ದೆ ಹೋಗಿದ್ದ.

ಇಲ್ಲಿಗೆ ಮುಗಿಯಬೇಕಾದ ವಿಷಯ ಮುಗಿಯಲಿಲ್ಲ. ಎರಡು ದಿನ ಬಿಟ್ಟು ಗುರುಬಾಯಿ ಟೆರೇಸಿನಲ್ಲಿ ಬಟ್ಟೆ ಒಣಹಾಕುತ್ತ, ನಾಲ್ಕನೆಯ ಮಹಡಿಯ ಜಯಮ್ಮನ ಮುಂದೆ, "ನಮ್ಮ ತಂಗಿ ಮನ್ಯಾಗ ಒಂದು ನಾಯಿ ಐತ್ರಿ, ಅದಕ್ಕ ಕುಂಬಳಕಾಯಿ ಭಾಳ ಚಲೋ ಆತಂತ. ನಮ್ಮ ಮಾಣಿಕಪ್ಪನವರs ಹೇಳಿದ್ದು," ಎಂದಳು. ಗುರುಬಾಯಿಗೆ ತಂಗಿಯೇ ಇಲ್ಲ. ಅದು ಜಯಮ್ಮನಿಗೆ ಗೊತ್ತಿಲ್ಲ.

ಜಯಮ್ಮ ಮೈಸೂರಿನವಳು, ಮಗ ರೋಹಿತನ ಜೊತೆ ಇರುವವಳು. ಮರುದಿನ ಹನ್ನೊಂದು ಗಂಟೆಗೆ ಅವಳೇ ಬಂದು ಮಾಣಿಕಪ್ಪನನ್ನು ಎಬ್ಬಿಸಿ ಕರೆದುಕೊಂಡು ಹೋದಳು.

"ನೋಡಿ ಇವ್ರೇ, ನಮ್ಮ ಪುಟ್ಟಸ್ವಾಮಿಗೆ ಹೊಟ್ಟೆ ಸರಿಯಿಲ್ಲ," ಎಂದು ಮೆಲುದನಿಯಲ್ಲಿ ಹೇಳಿ ದೇವರ ಮನೆಯ ಪಕ್ಕದ ಬಾಗಿಲು ತೆಗೆದಳು. ಒಳಗೆ, ರೋಹಿತನ ಹಳೆಯ ಟೀ ಶರ್ಟಿನ ಮೇಲೆ, ಒಂದು ಕಿವಿ ಮಡಚಿದ ಕಂದು ನಾಯಿ ಮಲಗಿತ್ತು.

ಮಾಣಿಕಪ್ಪ ಅದನ್ನು ನೋಡಿದ. ಅದು ಅವನನ್ನು ನೋಡಿತು. ನಿದ್ದೆಗೆಟ್ಟವರಿಗೆ ಕಂಡದ್ದೇ ಮತ್ತೆ ಮತ್ತೆ ಕಾಣುತ್ತದೆ ಎಂದು ಆಫೀಸಿನ ಆರೋಗ್ಯ ಶಿಬಿರದಲ್ಲಿ ಹೇಳಿದ್ದು ಅವನಿಗೆ ನೆನಪಿತ್ತು. ಅದನ್ನು ಬಾಯಿ ಬಿಟ್ಟು ಹೇಳಿದರೆ ರಾತ್ರಿ ಪಾಳಿಯಿಂದ ತೆಗೆಯುತ್ತಾರೆ ಎಂಬುದೂ ನೆನಪಿತ್ತು.

"ನೀವು ಈ ನಾಯಿ ಡಾಕ್ಟರೋ ಏನೋ ಓದಿದೀರಂತಲ್ಲ?"

"ಹೂಂ," ಎಂದ ಮಾಣಿಕಪ್ಪ. ಅವನು ಎಲ್ಲದಕ್ಕೂ ಹೂಂ ಎನ್ನುತ್ತಿದ್ದ. ಮದುವೆಗೂ ಹಾಗೆಯೇ ಎಂದಿದ್ದ.

"ಅಯ್ಯೋ, ಮತ್ತೆ ಆ ಕ್ಯಾಬಿನ ಕೆಲಸ ಯಾಕಪ್ಪಾ ಮಾಡ್ತೀರಿ? ಇರ್ಲಿ ಬಿಡಿ, ನಮ್ಮ ರೋಹಿತಾನೂ ಸಿವಿಲ್ ಓದಿ ಸಾಫ್ಟ್‌ವೇರು ಮಾಡ್ತಾ ಇದಾನೆ. ಈಗ ಯಾರು ಓದಿದ್ದನ್ನ ಯಾರು ಮಾಡ್ತಾರೆ?"

ಆ ಕಾಲದಲ್ಲಿ ಇದು ಅಪ್ಪಟ ಸತ್ಯವಾಗಿದ್ದುದರಿಂದ ಮಾಣಿಕಪ್ಪನ ಡಾಕ್ಟರಿಕೆಗೆ ಬೇರೆ ಪುರಾವೆ ಬೇಕಾಗಲಿಲ್ಲ. ಕುಂಬಳಕಾಯಿಗೆ ಏಟು ಹಾಕಿ, ಕಣ್ಣು ಮುಚ್ಚಿ, ಚೀಟಿಯನ್ನು ಮೊದಲಿಂದ ಕೊನೆಯವರೆಗೆ ಬಾಯಿಪಾಠ ಒಪ್ಪಿಸಿದ. ಕಣ್ಣು ಮುಚ್ಚಿ ಹೇಳಿದ್ದು ಜಯಮ್ಮನಿಗೆ ಬಹಳ ಮೆಚ್ಚಿಗೆಯಾಯಿತು. ದೊಡ್ಡ ಡಾಕ್ಟರುಗಳು ಪುಸ್ತಕ ನೋಡುವುದಿಲ್ಲ.

"ಒಂಚೂರು ಬೆಲ್ಲ ಕಾಯಿತುರಿನಾದ್ರೂ?"

"ಕೂಡದು."

"ಚಮಚ ಅಂದ್ರೆ ಯಾವ್ದು? ನಮ್ಮನೇಲಿ ಕಾಫಿ ಚಮಚ ಇದೆ, ಹುಳಿ ಬಡಿಸೋ ಸೌಟು ಇದೆ."

"ಹೂಂ," ಎಂದ ಮಾಣಿಕಪ್ಪ.

ಜಯಮ್ಮ ಸೌಟನ್ನು ಆರಿಸಿಕೊಂಡಳು.

ಮೂರನೆಯವಳು ನೆಲಕ್ಕಂಟಿದ ಮೊದಲ ಮಹಡಿಯ ಶಾಮಲಾ. ರಾಯಚೂರಿನಲ್ಲಿ ಹುಟ್ಟಿ, ವರಂಗಲ್ಲಿಗೆ ಮದುವೆಯಾಗಿ, ಇಲ್ಲಿಗೆ ಬಂದವಳು. ಅವಳ ಮನೆಯ ಹಿಂದಿನ ಬಾಲ್ಕನಿಯಲ್ಲಿ ಬಂಗಾರು ಎಂಬ ನಾಯಿ ಇತ್ತು. ಅದಕ್ಕೂ ಒಂದು ಕಿವಿ ಮಡಚಿತ್ತು. "ಡಾಕ್ಟರ್ ಗಾರು, ಗುರುಬಾಯಿಗೆ ಹೇಳಬ್ಯಾಡ್ರಿ, ಆಕಿ ಕಮಿಟಿ ಹೆಣ್ಮಗಳು, ನಮ್ಮನ್ನ ಮನಿ ಬಿಡಸ್ತಾಳ," ಎಂದು ಅವಳು ಕಣ್ಣೀರು ತಂದುಕೊಂಡಳು. ಆಮೇಲೆ ಹುಣಸೆಹಣ್ಣಿನ ರಸ ಕೊಂಚ ಹಾಕಬಹುದೇ ಎಂದು ಕೇಳಿದಳು. ಮೂರನೆಯ ಮಹಡಿಯ ಹಿಂದಿನ ಫ್ಲಾಟಿನಲ್ಲಿ ಮಧ್ಯಾಹ್ನದ ಪಾಳಿಗೆ ಹೋಗುವ ಮಂಗಳೂರಿನ ಅನ್ವಿತಾ ಮತ್ತು ಅವಳ ಗೆಳತಿಯರ ಜಾವಾ ಎಂಬ ನಾಯಿ ಇತ್ತು. ಇನ್ನೆರಡು ಮನೆಗಳಲ್ಲಿ ಟೈಗರ್ ಮತ್ತು ರಾಜಾ ಇದ್ದವು. ಎಲ್ಲವೂ ಕಂದು. ಎಲ್ಲವುಗಳ ಹೊಟ್ಟೆಯೂ ಕೆಟ್ಟಿತ್ತು. ಎಲ್ಲ ಮನೆಯವರೂ ಮಾಣಿಕಪ್ಪನಿಂದ ಆಣೆ ಹಾಕಿಸಿಕೊಂಡರು.

ಅವನು ಹೇಳಿದ್ದನ್ನು ಎಲ್ಲರೂ ಅಕ್ಷರಶಃ ಪಾಲಿಸಿದರು. ಸಿಪ್ಪೆ ತೆಗೆದರು, ಬೀಜ ತೆಗೆದರು, ಉಪ್ಪು ಮುಟ್ಟಲಿಲ್ಲ. ದಿನಕ್ಕೆ ಎರಡು ಚಮಚಕ್ಕಿಂತ ಒಂದು ಹನಿ ಹೆಚ್ಚು ಹಾಕಲಿಲ್ಲ, ಜಯಮ್ಮನ ಸೌಟನ್ನು ಬಿಟ್ಟರೆ. ಆದರೂ ಯಾವ ನಾಯಿಯೂ ಸುಧಾರಿಸಲಿಲ್ಲ. ಹತ್ತನೆಯ ದಿನ ಸುಲ್ತಾನ್ ಮೊದಲಿಗಿಂತ ಕೆಟ್ಟಿದ್ದ. ಪುಟ್ಟಸ್ವಾಮಿ ಊಟವಿಟ್ಟರೆ ಮುಖ ತಿರುಗಿಸುತ್ತಿದ್ದ. ಬಂಗಾರು ಕುಂಬಳಕಾಯಿಯನ್ನು ಕಂಡರೆ ನಿಟ್ಟುಸಿರು ಬಿಡುತ್ತಿತ್ತು. ಎರಡು ದಿನದಲ್ಲಿ ಕಡಿಮೆಯಾಗದಿದ್ದರೆ ಡಾಕ್ಟರ ಬಳಿ ಹೋಗಬೇಕೆಂದು ಚೀಟಿಯಲ್ಲಿ ಬರೆದಿತ್ತಲ್ಲ, ಅದನ್ನೂ ಎಲ್ಲರೂ ಪಾಲಿಸಿದರು. ಮಾಣಿಕಪ್ಪನ ಬಳಿಗೇ ಬಂದರು.

ಒಂಬತ್ತೂವರೆಗೆ ಗುರುಬಾಯಿ, ಹತ್ತೂಕಾಲಿಗೆ ಜಯಮ್ಮ, ಹನ್ನೊಂದಕ್ಕೆ ಶಾಮಲಾ. ಪ್ರತಿ ಮನೆಯಲ್ಲೂ ಒಂದು ಹೊಸ ಕುಂಬಳಕಾಯಿ. ಮಾಣಿಕಪ್ಪನ ನಿದ್ದೆ ಹೋಳು ಹೋಳಾಯಿತು. ಈಗ ಕನಸು ಎಲ್ಲಿ ಮುಗಿಯುತ್ತದೆ, ಮೆಟ್ಟಿಲು ಎಲ್ಲಿ ಶುರುವಾಗುತ್ತದೆ ಎಂಬುದೇ ತಿಳಿಯುತ್ತಿರಲಿಲ್ಲ. ಕೃಷ್ಣೆಯ ಮೇಲೆ ಈಗ ಸುಮೋಗಳ ಬದಲು ಕುಂಬಳಕಾಯಿಗಳು ತೇಲಿ ಬರುತ್ತಿದ್ದವು. ಒಂದೊಂದರ ಮೇಲೂ ಆ ನಾಯಿ ಕಾಲು ಮಡಚಿ ಕುಳಿತು, ಏನೂ ಅವಸರವಿಲ್ಲದವರ ಹಾಗೆ ದಡ ನೋಡುತ್ತಿತ್ತು. ಆಫೀಸಿನಲ್ಲಿ ಅವನು ಎರಡು ಸಲ ಪಟ್ಟಿಯ ಮೇಲೆ ತಲೆಯಿಟ್ಟು ಎದ್ದ. ಮ್ಯಾನೇಜರು ಎರಡು ಸಲವೂ ನೋಡಿದರು, ಏನೂ ಹೇಳಲಿಲ್ಲ. ಅದೇ ಇನ್ನಷ್ಟು ಭಯ.

ಇಡೀ ಕಟ್ಟಡದಲ್ಲಿ ನಿಜ ತಿಳಿದವಳು ಬಂಡೆಮ್ಮ ಒಬ್ಬಳೇ. ಅವಳನ್ನು ಯಾರೂ ಕೇಳಿರಲಿಲ್ಲ. ಒಂದು ಮಧ್ಯಾಹ್ನ ಶಾಮಲಾಳ ಮನೆಯಿಂದ ಹೊರಟ ಮಾಣಿಕಪ್ಪ ಮೊದಲ ಮೆಟ್ಟಿಲ ಮೇಲೆಯೇ ಕುಳಿತುಬಿಟ್ಟಾಗ ಅವಳು ಹತ್ತಿರ ಬಂದಳು.

"ಯಣ್ಣಾ, ಒಂದು ಮಾತು ಹೇಳಲೇನು?"

"ಹೂಂ."

"ಆ ನಾಯಿ ಐತಲ್ಲ, ಅದು ನಸಿಕಿಲೆ ಮೂರನೇ ಮಾಳಗಿಗೆ ಹೊಕ್ಕೈತಿ. ಅಲ್ಲಿಂದ ನಾಕನೇದು. ಅಲ್ಲಿಂದ ಇಳಕೊಂತ ಇಳಕೊಂತ ಎಲ್ಲಾರ ಮನ್ಯಾಗೂ ಉಣಕೊಂತ ಕೆಳಗ ಬರತೈತಿ. ಮಂದಿ ಹೊಟ್ಟಿ ಕೆಟ್ಟೈತಂತಾರ. ಅಷ್ಟು ತಿಂದ್ರ ಎತ್ತಿನ ಹೊಟ್ಟಿನೂ ಕೆಡತೈತಿ. ಹೌದಿಲ್ಲೋ?"

"ಹೂಂ," ಎಂದ ಮಾಣಿಕಪ್ಪ, ಗೋಡೆಗೆ ಒರಗಿ. ಅವನು ಆಗ ಕೃಷ್ಣೆಯ ನಡುವೆ ಇದ್ದ. ತಾನು ಹೇಳಬೇಕಾದದ್ದು ಹೇಳಿಯಾಯಿತು ಎಂದು ಬಂಡೆಮ್ಮ ಗೇಟಿಗೆ ಹೋದಳು.

ಆ ಬುಧವಾರ ನಾಯಿ ಎಣಿಸುವ ಇಲಾಖೆಯವರು ಬಂದರು. ಒಬ್ಬ ಸಾಹೇಬ, ಒಂದು ಉದ್ದನೆಯ ರಿಜಿಸ್ಟರು, ಗೇಟಿನ ಹೊರಗೆ ಬಲೆ ಕಟ್ಟಿದ ಒಂದು ವ್ಯಾನು. ಸಾಹೇಬರು ತೆಲುಗು ಮತ್ತು ದಖನಿ ಉರ್ದು ಎರಡನ್ನೂ ಬೆರೆಸಿ ಘೋಷಿಸಿದರು: ಹೆಸರು ಬರೆಸಿದ ನಾಯಿಗೆ ಹಿತ್ತಾಳೆ ಬಿಲ್ಲೆ, ಬರೆಸದ ನಾಯಿ ವ್ಯಾನಿಗೆ.

ವ್ಯಾನನ್ನು ಕಂಡದ್ದೇ ತಡ ಸಿರಿಸಂಪದದ ಬಾಗಿಲುಗಳೆಲ್ಲ ತೆರೆದವು. ಮೊದಲು ಇಳಿದು ಬಂದವಳು ಗುರುಬಾಯಿ. ತಾನೇ ಸಹಿ ಮಾಡಿದ ಫಲಕಕ್ಕೆ ಬೆನ್ನು ತಿರುಗಿಸಿ ನಿಂತು, "ಬರ್ಕೋರಿ, ಸುಲ್ತಾನ್, ಮುನ್ನೂರಾ ಎರಡು," ಎಂದಳು.

"ಏನ್ರೀ ಗುರುಬಾಯಿಯವ್ರೇ, ನಿಮ್ಮನೇಲೂ ನಾಯಿನಾ?" ಎಂದಳು ಹಿಂದಿನಿಂದ ಜಯಮ್ಮ. "ನನಗೆ ಅನುಮಾನ ಇತ್ತು ಬಿಡಿ. ಬರ್ಕೊಳ್ಳಿ ಸ್ವಾಮಿ, ಪುಟ್ಟಸ್ವಾಮಿ, ನಾನೂರ ಒಂದು."

"ಅಂದ್ರ ನನ್ನ ಮನಿ ಬಿಡಸಾಕ ನಿಮಗೇನು ಹಕ್ಕೈತ್ರಿ?" ಎಂದು ಶಾಮಲಾ ಹದಿನೈದು ದಿನದ ಭಯವನ್ನೆಲ್ಲ ಸಿಟ್ಟು ಮಾಡಿಕೊಂಡಳು. "ಬಂಗಾರು, ನೂರಾ ಮೂರು!"

ಜಾವಾ, ಟೈಗರ್, ರಾಜಾ ಎಂದು ಸಾಹೇಬರು ಶಾಯಿಯಲ್ಲಿ ಬರೆದುಕೊಂಡರು. ಆರು. ಆಗ ರೇಣುಕಾ ಸೆರಗಿಗೆ ಕೈ ಒರೆಸುತ್ತ ಬಂದು, ಮೆಟ್ಟಿಲ ಮೇಲೆ ತೂಕಡಿಸುತ್ತ ಕುಳಿತಿದ್ದ ಗಂಡನ ಮುಖ ನೋಡದೆ, "ಮೋತಿ. ಇನ್ನೂರಾ ನಾಕು," ಎಂದಳು.

ಮಾಣಿಕಪ್ಪನಿಗೆ ಸ್ವಲ್ಪ ಎಚ್ಚರವಾಯಿತು. "ನಮ್ಮ ಮನ್ಯಾಗ ನಾಯಿ ಐತೇನು?"

"ನೀವು ಎಚ್ಚರ ಇದ್ದಿದ್ರ ಗೊತ್ತಾಗತಿತ್ತು."

ದಿನವೂ ಸಂಜೆ ತಟ್ಟೆಗೆ ಬೀಳುತ್ತಿದ್ದ ಕುಂಬಳಕಾಯಿ ಪಲ್ಯದ ಅರ್ಥ ಅವನಿಗೆ ಆಗ ಹೊಳೆಯಿತು. ನಾಯಿಗೆ ಎರಡು ಚಮಚ ಹೋಗಿ ಉಳಿದ ಕಾಯಿಯನ್ನು ಅವನು ತಿನ್ನುತ್ತಿದ್ದ. ಅವನ ಹೊಟ್ಟೆಯಾದರೋ ಆ ತಿಂಗಳು ಬಹಳ ಚೆನ್ನಾಗಿತ್ತು.

ಸಾಹೇಬರು ಏಳು ಎಂದು ಬರೆದು, ಕೆಳಗೆ ಗೆರೆ ಎಳೆದು, ನಾಯಿಗಳ ಆರೋಗ್ಯ ಹೇಗಿದೆ, ಯಾರಾದರೂ ಡಾಕ್ಟರು ನೋಡಿದ್ದಾರೆಯೇ ಎಂದು ಕೇಳಿದರು. ಏಳು ಬೆರಳುಗಳು ಮಾಣಿಕಪ್ಪನ ಕಡೆ ತಿರುಗಿದವು.

"ನಾ ಡಾಕ್ಟರ್ ಅಲ್ರಿ," ಎಂದ ಮಾಣಿಕಪ್ಪ, ಅಪರೂಪಕ್ಕೆ ಒಂದು ಪೂರ್ತಿ ವಾಕ್ಯವಾಗಿ. "ಕ್ಯಾಬಿನ ಪಟ್ಟಿ ಬರಿಯಾಂವ."

"ಎಷ್ಟು ವಿನಯ ನೋಡಿ!" ಎಂದಳು ಜಯಮ್ಮ.

"ಡಾಕ್ಟರ್ ಸಾಬ್," ಎಂದರು ಸಾಹೇಬರು ಗೌರವದಿಂದ, "ಏಳೂ ನೀವೇ ನೋಡಿದ್ದಲ್ಲವೆ?"

"ನನಗ ಎಲ್ಲಾ ಕಡಿ ಒಂದs ಕಂಡೈತ್ರಿ. ಯಾರಿಗೂ ಹೇಳಿಲ್ಲ."

ಗುಟ್ಟು ಕಾಪಾಡುವ ಡಾಕ್ಟರು ಎಂದು ಸಾಹೇಬರು ತಲೆದೂಗಿದರು. ಸರಿ, ನಾಯಿಗಳನ್ನು ಕರೆಯಿರಿ, ಬಿಲ್ಲೆ ಕಟ್ಟೋಣ ಎಂದರು.

"ಸುಲ್ತಾನ್!" ಎಂದು ಗುರುಬಾಯಿ ಮೇಲಕ್ಕೆ ಕೂಗಿದಳು. ಎಲ್ಲೋ ಮೇಲಿನ ಮಹಡಿಯಲ್ಲಿ ಉಗುರುಗಳ ಸಪ್ಪಳವಾಗಿ, ಮೆಟ್ಟಿಲು ಇಳಿಯತೊಡಗಿತು. "ಪುಟ್ಟಸ್ವಾಮೀ!" ಎಂದಳು ಜಯಮ್ಮ. ಸಪ್ಪಳ ನಿಂತು, ತಿರುಗಿ ಮೇಲಕ್ಕೆ ಹೋಯಿತು. "ಬಂಗಾರು!" ಕೆಳಕ್ಕೆ. "ಜಾವಾ!" ಮೇಲಕ್ಕೆ. "ರಾಜಾ!" "ಟೈಗರ್!" ಕೊನೆಗೆ ರೇಣುಕಾ ಮೆಲ್ಲಗೆ "ಮೋತೀ," ಎಂದಾಗ ಕಂದು ನಾಯಿಯೊಂದು ತಿರುವಿನಲ್ಲಿ ಕಾಣಿಸಿಕೊಂಡು, ಒಂದೊಂದೇ ಮೆಟ್ಟಿಲು ಇಳಿದು ಬಂದು, ಎಲ್ಲರ ನಡುವೆ ನಿಂತು, ಏಳೂ ಮನೆಯ ಕುಂಬಳಕಾಯಿಯ ಸಾಕ್ಷಿಯನ್ನು ಸಾಹೇಬರ ಬೂಟಿನ ಪಕ್ಕದಲ್ಲೇ ಹಾಜರುಪಡಿಸಿತು.

"ಇದು ಒಂದು," ಎಂದರು ಸಾಹೇಬರು, ಕಾಲು ಸರಿಸಿ. "ಉಳಿದ ಆರು?"

ಹೆಂಗಸರು ಮತ್ತೆ ಮೆಟ್ಟಿಲ ತಿರುವಿನ ಕಡೆ ನೋಡಿದರು.

"ಇರೋದs ಒಂದು ನಾಯಿರಿ," ಎಂದಳು ಗೇಟಿನಿಂದ ಬಂಡೆಮ್ಮ. "ನಾ ಯಣ್ಣಗ ಆವತ್ತs ಹೇಳೀನಿ. ಹೂಂ ಅಂದ."

ಹೆಂಗಸರು ಒಬ್ಬರನ್ನೊಬ್ಬರು ನೋಡಿಕೊಂಡರು. ಏಳು ಎರಡಲ ಹದಿನಾಲ್ಕು ಎಂದು ಎಲ್ಲರ ತುಟಿಯೂ ಅಲ್ಲಾಡಿತು. ಜಯಮ್ಮ ಸೌಟನ್ನು ನೆನೆದು ತಲೆ ತಗ್ಗಿಸಿದಳು. ತಮ್ಮ ನಾಯಿ ಊರಿಡೀ ಉಂಡು ಬರುತ್ತಿತ್ತು ಎಂಬ ದುಃಖ ಎಲ್ಲರಿಗೂ ಸಮನಾಗಿ ಆಯಿತು. ಮಾಣಿಕಪ್ಪನಿಗೆ ಮಾತ್ರ ಸಮಾಧಾನ. ಅವನು ಬಾಗಿ ನಾಯಿಯ ಮಡಚಿದ ಕಿವಿಯನ್ನು ಎರಡು ಬೆರಳಿನಿಂದ ಮುಟ್ಟಿ ನೋಡಿದ. ಬೆಚ್ಚಗಿತ್ತು. ಅದು ಕನಸಲ್ಲ, ತನಗೆ ತಲೆ ಕೆಟ್ಟಿಲ್ಲ.

"ಒಂದs ಆದ್ರ ಉಳಿದ ಆರು ಹೆಸರು ಹೊಡದು ಹಾಕ್ರಿ," ಎಂದಳು ಗುರುಬಾಯಿ.

ಸಾಹೇಬರು ನೊಂದುಕೊಂಡರು. ಶಾಯಿಯಲ್ಲಿ ಬರೆದದ್ದು. ಹೊಡೆದುಹಾಕಬೇಕಾದರೆ ಮೇಲಿನವರ ಸಹಿ ಬೇಕು, ಮೇಲಿನವರು ತರಬೇತಿಗೆ ಹೋಗಿದ್ದಾರೆ. ಏಳು ಬರೆದ ಮೇಲೆ ಏಳು ಬಿಲ್ಲೆ ಕೊಡಲೇಬೇಕು. ಕೊಟ್ಟರು. ಬಂಡೆಮ್ಮ ಏಳನ್ನೂ ಒಂದೇ ದಾರದಲ್ಲಿ ಪೋಣಿಸಿ ನಾಯಿಯ ಕೊರಳಿಗೆ ಕಟ್ಟಿದಳು. ಅದು ನಡೆದರೆ ದೂರದ ಯಾವುದೋ ಗುಡಿಯಲ್ಲಿ ಪೂಜೆ ನಡೆದಂತೆ ಸಣ್ಣಗೆ ಕಿಣಿಕಿಣಿ ಎನ್ನತೊಡಗಿತು.

ಅದೇ ಹೊತ್ತಿಗೆ ಕಮಿಟಿ ಸಭೆ ಸೇರಿತು. ವಾರಕ್ಕೆ ಏಳು ದಿನ, ನಾಯಿಗೆ ಏಳು ಮನೆ. ದಿನಕ್ಕೊಂದು ಮನೆಯಿಂದ ಎರಡು ಚಮಚ, ಅಳತೆಗೆ ಗುರುಬಾಯಿಯ ಮನೆಯ ಒಂದೇ ಚಮಚ, ಎರಡು ದಿನದಲ್ಲಿ ಹೊಟ್ಟೆ ಹಿಡಿತಕ್ಕೆ ಬಾರದಿದ್ದರೆ ನಿಜವಾದ ಡಾಕ್ಟರ ಬಳಿಗೆ ಎಂದು ತೀರ್ಮಾನವಾಯಿತು. ಅಷ್ಟು ಹೊತ್ತಿಗೆ ಸಂಜೆ ನಾಲ್ಕಾಗಿತ್ತು. ಮಾಣಿಕಪ್ಪ ಆ ದಿನ ಒಂದು ನಿಮಿಷವೂ ಮಲಗಿರಲಿಲ್ಲ.

ಆ ರಾತ್ರಿ ಆಫೀಸಿನಲ್ಲಿ ಏನಾಯಿತು ಎಂಬುದು ಅವನಿಗೇ ಗೊತ್ತಿಲ್ಲ. ಪಟ್ಟಿಯ ಮುಂದೆ ಕುಳಿತದ್ದು ನೆನಪಿದೆ. ಪರದೆಯ ಬೆಳಕು ನೀರಿನ ಹಾಗೆ ಅಲುಗಿದ್ದು ನೆನಪಿದೆ. ಕೃಷ್ಣೆಯ ದಡದಲ್ಲಿ ಕುಳಿತು ಒಂದೊಂದೇ ಹೆಸರು ಕರೆದಿದ್ದ, ಎಲ್ಲವೂ ಕತ್ತು ತಿರುಗಿಸಿ ಹೂಂ ಎಂದಿದ್ದವು. ಬೆಳಿಗ್ಗೆ ನೋಡಿದರೆ ಪಟ್ಟಿ ತಯಾರಾಗಿತ್ತು. ಮನೆಗೆ ಬಂದು, ಹದಿನೈದು ದಿನಗಳ ಮೇಲೆ ಮೊದಲ ಸಲ, ಯಾರೂ ಎಬ್ಬಿಸದೆ ಸಂಜೆಯವರೆಗೆ ಮಲಗಿದ.

ಸಂಜೆ ಐದಕ್ಕೆ ಹಾರನ್ನಿನ ಸದ್ದಿಗೆ ಎದ್ದ. ಕೆಂಪು ಬಿಸಿಲಿನಲ್ಲಿ, ಗೇಟಿನಿಂದ ಬೀದಿಯ ತಿರುವಿನವರೆಗೆ, ಏಳು ಸುಮೋಗಳು ಸಾಲಾಗಿ ನಿಂತಿದ್ದವು. ಕನಸು ಮುಂದುವರಿದಿದೆ ಎಂದುಕೊಂಡು ಅವನು ಬಾಲ್ಕನಿಯ ಕಂಬಿಗೆ ಒರಗಿ ಸಂತೋಷದಿಂದ ನೋಡಿದ.

"ಸುಲ್ತಾನ್ ಕೌನ್ ಹೈ? ತೀನ್ ಸೌ ದೋ!" ಎಂದು ಮೊದಲ ಡ್ರೈವರು ಮಾಣಿಕಪ್ಪನ ಪಟ್ಟಿಯಿಂದ ಬಂದ ಚೀಟಿ ಓದಿ ಕೂಗಿದ. "ಪುಟ್ಟಸ್ವಾಮಿ ಸಾರ್! ಬಂಗಾರು ಮೇಡಂ!" ಎಂದು ಹಿಂದಿನವರು ಕೂಗಿದರು.

ಜಯಮ್ಮ ನಾಲ್ಕನೆಯ ಮಹಡಿಯಿಂದ ಬಗ್ಗಿ ನೋಡಿದಳು. "ಅಯ್ಯೋ ಶಿವನೇ, ನಮ್ಮ ಪುಟ್ಟಸ್ವಾಮಿಗೆ ಕೆಲಸ ಸಿಕ್ತಾ?"

ಆ ವರ್ಷ ಯಾರಿಗೆ ಬೇಕಾದರೂ ಸಿಗುತ್ತಿತ್ತು, ಅವಳದೇನೂ ತಪ್ಪಿಲ್ಲ. ಮಾಣಿಕಪ್ಪ ಅಂಗಿ ಹಾಕಿಕೊಳ್ಳುತ್ತ ಕೆಳಗೆ ಓಡಿ ಬರುವುದರೊಳಗೆ, ತನ್ನ ಏಳು ಹೆಸರುಗಳನ್ನೂ ಒಂದೇ ಸಲ ಕೇಳಿದ ನಾಯಿ ಕಿಣಿಕಿಣಿ ಎನ್ನುತ್ತ ಬಂದು, ಬಾಗಿಲು ತೆರೆದಿದ್ದ ಮೊದಲ ಸುಮೋ ಹತ್ತಿ, ಕಿಟಕಿಯ ಪಕ್ಕದ ಸೀಟಿನಲ್ಲಿ ಕುಳಿತಿತ್ತು. ಹೊಸ ಡ್ರೈವರು. ಚೀಟಿಯಲ್ಲಿ ಸುಲ್ತಾನ್ ಎಂದಿದೆ, ಕರೆದರೆ ಬಂದು ಕುಳಿತಿದೆ, ತಡವಾದರೆ ದಂಡ. ಅವನು ಗಾಡಿ ಬಿಟ್ಟ. ಮಾಣಿಕಪ್ಪ ಎರಡನೆಯ ಸುಮೋ ಹತ್ತಿ ಹಿಂದೆ ಹೋದ. ಉಳಿದ ಐದು, ಸಾಲು ತಪ್ಪಿಸಬಾರದೆಂದು, ಅವನ ಹಿಂದೆ ಬಂದವು.

ಮಾದಾಪುರದ ಬಾಗಿಲಿನಲ್ಲಿ ಕಾವಲಿನವನು ಮುಖ ನೋಡುವುದಿಲ್ಲ, ಕೊರಳು ನೋಡುತ್ತಾನೆ. ಒಂದು ಬಿಲ್ಲೆ ಇದ್ದವರನ್ನು ಬಿಡಬೇಕೆಂದು ಅವನಿಗೆ ಆದೇಶ. ಇಲ್ಲಿ ಏಳಿದ್ದವು. ಎದ್ದು ನಿಂತು ಸಲಾಮು ಹೊಡೆದ. ಮಾಣಿಕಪ್ಪ ಮೂರನೆಯ ಮಹಡಿಗೆ ಏದುಸಿರು ಬಿಡುತ್ತ ಬಂದಾಗ ನಾಯಿ ಅವನದೇ ಕುರ್ಚಿಯ ಮೇಲೆ, ತಣ್ಣನೆಯ ಏಸಿ ಗಾಳಿಯಲ್ಲಿ, ಒಂದು ಕಿವಿ ಮಡಚಿಕೊಂಡು ನಿದ್ದೆ ಹೋಗಿತ್ತು. ಮ್ಯಾನೇಜರು ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದರು.

"ಮಾಣಿಕ್ ಭಾಯಿ," ಎಂದರು ಬಹಳ ಮೆಲ್ಲಗೆ. "ಇವರು ಯಾರು?"

ಮಾಣಿಕಪ್ಪ ಹದಿನೈದು ದಿನಗಳಲ್ಲಿ ಮೊದಲ ಬಾರಿಗೆ ಪೂರ್ತಿ ಎಚ್ಚರವಾಗಿದ್ದ. ಕುಂಬಳಕಾಯಿಯ ಮೊದಲ ಏಟಿನಿಂದ ಏಳನೆಯ ಬಿಲ್ಲೆಯವರೆಗೆ ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದ. ಮ್ಯಾನೇಜರು ಕುರ್ಚಿ ಎಳೆದುಕೊಂಡು ಕೂತು ಕೇಳಿದರು. ನಡುವೆ ಒಮ್ಮೆ, ಸಿಪ್ಪೆಯನ್ನೂ ತೆಗೆಯಬೇಕೇ ಎಂದು ಕೇಳಿ ಬರೆದುಕೊಂಡರು. ಅವರ ಮನೆಯಲ್ಲೂ ಒಂದು ನಾಯಿ ಇತ್ತು.

ಇನ್ನೊಂದು ತಪ್ಪಾದರೆ ಆ ಕುರ್ಚಿ ಅವನದಲ್ಲ ಎಂದು ಮ್ಯಾನೇಜರು ಹೇಳಿದ್ದರಲ್ಲ, ಆ ಮಾತನ್ನು ಅವರು ಉಳಿಸಿಕೊಂಡರು. ಆದರೆ ಒಬ್ಬನನ್ನು ತೆಗೆದರೆ ಇನ್ನೊಬ್ಬ ಸಿಗುವ ಕಾಲ ಅದಾಗಿರಲಿಲ್ಲ. ಆದ್ದರಿಂದ ಸೋಮವಾರದಿಂದ ಮಾಣಿಕಪ್ಪ ಪಕ್ಕದ ಕುರ್ಚಿಯಲ್ಲಿ, ಹಗಲು ಪಾಳಿಯಲ್ಲಿ ಕುಳಿತ. ಬೆಳಿಗ್ಗೆ ಒಂಬತ್ತಕ್ಕೆ ಕೊರಳಿಗೆ ಬಿಲ್ಲೆ ಹಾಕಿಕೊಂಡು ಹೊರಟರೆ ಸಿರಿಸಂಪದದಲ್ಲಿ ಹಗಲು ಹೊತ್ತು ಗಂಡಸರು ಯಾರೂ ಉಳಿಯುತ್ತಿರಲಿಲ್ಲ.

ಮೊದಲ ದಿನ ಗುರುಬಾಯಿ ಕುಂಬಳಕಾಯಿಯನ್ನು ಎರಡು ಕೈಯಲ್ಲಿ ಹಿಡಿದು ಗೇಟಿನ ಬಳಿ ಬಹಳ ಹೊತ್ತು ನಿಂತಿದ್ದಳು. ಬಂಡೆಮ್ಮ ಅದನ್ನು ತೆಗೆದುಕೊಂಡು, ಕಟ್ಟೆಯ ಅಂಚಿಗೆ ಒಂದು ಏಟು ಹಾಕಿ, ಎರಡು ಹೋಳು ಮಾಡಿ ಕೊಟ್ಟಳು.

ಯಾರಿಗೂ ಏನೂ ಆಗಲಿಲ್ಲ. ನಾಯಿಯ ಹೊಟ್ಟೆ ಬುಧವಾರದ ಹೊತ್ತಿಗೆ ಸರಿಹೋಯಿತು.